ಸೌದೆ ಒಲೆಯಿಂದ ಪೆಲೆಟ್ ಒಲೆಗೆ, ಇಲ್ಲವೇ ಜೋಳದ ಒಲೆಗೆ: ಮೊದಲು ಇಂಧನ ನೋಡಿ, ಆಮೇಲೆ ಒಲೆ ಕೊಳ್ಳಿ

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಊರಾಚೆ ಮನೆ ಕೊಂಡವರಿಗೆ ಮನೆಯ ಜೊತೆ ಒಂದು ಸೌದೆ ಒಲೆಯೂ ಸಿಕ್ಕಿರುತ್ತದೆ. ಅಡುಗೆಯದಲ್ಲ, ಮನೆ ಬೆಚ್ಚಗಿಡುವ ಒಲೆ. ಮೊದಲ ಚಳಿಗಾಲದಲ್ಲಿ ಅದರ ಮುಂದೆ ಕೂತು ಕಾಫಿ ಕುಡಿಯುವುದೇ ಒಂದು ಸುಖ. ಎರಡನೆಯ ಚಳಿಗಾಲಕ್ಕೆ ಸೌದೆ ಸೀಳಿ ಸೊಂಟ ಹಿಡಿದಿರುತ್ತದೆ, ರಾತ್ರಿ ಎದ್ದು ಕೊರಡು ತುರುಕಲು ಮನೆಯಲ್ಲಿ ಯಾರೂ ತಯಾರಿರುವುದಿಲ್ಲ. ಆಗ ಯಾರೋ ಪೆಲೆಟ್ ಒಲೆಯ ಮಾತೆತ್ತುತ್ತಾರೆ. ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ. ನಾವಿರುವ ವಿಸ್ಕಾನ್ಸಿನ್ ಕಡೆ ಇನ್ನೊಬ್ಬರು ಜೋಳದ ಒಲೆಯ ಮಾತೆತ್ತುತ್ತಾರೆ. ಜೋಳ ಅಂದರೆ ಇಲ್ಲಿ ಮೆಕ್ಕೆಜೋಳ, ರೊಟ್ಟಿಯ ಬಿಳಿಜೋಳ ಅಲ್ಲ.

ಹೆಚ್ಚಿನವರು ನೇರವಾಗಿ ಅಂಗಡಿಗೆ ಹೋಗಿ ಒಲೆ ನೋಡುತ್ತಾರೆ. ಅದು ತಿರುಗುಮುರುಗು. ಒಲೆ ಒಂದು ಸಲ ಕೊಳ್ಳುವುದು, ಇಂಧನ ಪ್ರತಿ ವರ್ಷ ಕೊಳ್ಳುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ತಯಾರಾದ 'ಊರ್ಜಾ' ಅಡುಗೆ ಒಲೆ ನಿಮಗೆ ನೆನಪಿರಬಹುದು. ಕೃಷಿ ತ್ಯಾಜ್ಯದ ಪೆಲೆಟ್ ಹಾಕಿ ಉರಿಸುವ ಒಲೆ ಅದು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಒಲೆ ಚೆನ್ನಾಗಿತ್ತು, ಹೊಗೆ ಕಡಿಮೆ ಇತ್ತು. ಕಚ್ಚಾ ವಸ್ತು ತುಟ್ಟಿಯಾಗಿ ಪೆಲೆಟ್ ಬೆಲೆ ಏರಿದಾಗ ಎಷ್ಟೋ ಮನೆಗಳಲ್ಲಿ ಅದು ಮೂಲೆ ಸೇರಿತು. ಇಲ್ಲೂ ಲೆಕ್ಕ ಅದೇ.

ಮೊದಲು ಗೊತ್ತಿರಲಿ: ಇದು ಬೆಂಕಿಗಿಂತ ಜಾಸ್ತಿ ಯಂತ್ರ

ಸೌದೆ ಒಲೆ ಅಂದರೆ ಕಬ್ಬಿಣದ ಪೆಟ್ಟಿಗೆ, ಒಂದು ಬಾಗಿಲು, ಒಂದು ಹೊಗೆ ಕೊಳವೆ. ಪೆಲೆಟ್ ಒಲೆಯ ಒಳಗೆ ಒಂದು ಸಂಸಾರವೇ ಇದೆ. ಹಿಂದಿನ ಹಾಪರ್ ಅನ್ನುವ ತೊಟ್ಟಿಗೆ ಪೆಲೆಟ್ ಸುರಿಯುತ್ತೀರಿ. ಆಗರ್ ಅನ್ನುವ ತಿರುಪು ತಿರುಗಿ ಅದನ್ನು ಸ್ವಲ್ಪ ಸ್ವಲ್ಪವೇ ಬರ್ನ್ ಪಾಟ್ ಅನ್ನುವ ಉರಿಯುವ ಬಟ್ಟಲಿಗೆ ಬೀಳಿಸುತ್ತದೆ. ಇಗ್ನೈಟರ್ ಬೆಂಕಿ ಹೊತ್ತಿಸುತ್ತದೆ. ಒಂದು ಫ್ಯಾನ್ ಹೊಗೆಯನ್ನು ಹೊರಗೆ ತಳ್ಳುತ್ತದೆ, ಇನ್ನೊಂದು ಬಿಸಿಗಾಳಿಯನ್ನು ಕೋಣೆಗೆ ಊದುತ್ತದೆ. ಇವುಗಳ ಮೇಲೆ ಕಾವಲಿಗೆ ಒಳಗಿನ ಗಾಳಿಯ ಸೆಳೆತ ತಪ್ಪಿದರೆ ನಿಲ್ಲಿಸುವ ವ್ಯಾಕ್ಯೂಮ್ ಸ್ವಿಚ್, ಹೆಚ್ಚು ಕಾದರೆ ನಿಲ್ಲಿಸುವ ಸ್ವಿಚ್, ಒಂದು ಕಂಟ್ರೋಲ್ ಬೋರ್ಡ್.

ಇದರಿಂದ ಸಿಗುವ ಅನುಕೂಲ ಸಣ್ಣದಲ್ಲ. ಥರ್ಮೋಸ್ಟಾಟ್‌ನಲ್ಲಿ 68 ಡಿಗ್ರಿ ಫ್ಯಾರನ್‌ಹೀಟ್ ಇಟ್ಟು ಮಲಗಬಹುದು. ಹೊಗೆ ತೀರಾ ಕಡಿಮೆ, ಚಿಮಣಿಯಲ್ಲಿ ಕ್ರಿಯೋಸೋಟ್ ಅನ್ನುವ, ಬೆಂಕಿ ಹಿಡಿಯುವ ಟಾರು ಕಟ್ಟುವ ಭಯವೂ ಕಡಿಮೆ. ಬದಲಿಗೆ ಮೂರು ವಿಷಯಕ್ಕೆ ನೀವು ಒಪ್ಪಿಕೊಳ್ಳಬೇಕು: ಕರೆಂಟ್ ಬೇಕು, ದಿನಾ ಸ್ವಲ್ಪ ಕೆರೆದು ಚೊಕ್ಕ ಮಾಡಬೇಕು, ಫ್ಯಾನಿನ ಸದ್ದು ಸದಾ ಇರುತ್ತದೆ. ಸೌದೆ ಒಲೆಯ ಮೌನ ಇಷ್ಟಪಟ್ಟವರಿಗೆ ಮೂರನೆಯದೇ ಕಷ್ಟ. ಅಂಗಡಿಯಲ್ಲಿ ಉರಿಯುತ್ತಿರುವ ಒಲೆಯ ಪಕ್ಕ ಹತ್ತು ನಿಮಿಷ ಸುಮ್ನೆ ಕೂತು ನೋಡಿ.

ಸೌದೆ ಬಿಟ್ಟಿ ಸಿಗುತ್ತದೆ, ಸೀಳಲು ಮೈಯಲ್ಲಿ ಕಸುವಿದೆ ಅನ್ನುವವರು ಬದಲಿಸುವುದೇ ಬೇಡ. ನ್ಯಾಚುರಲ್ ಗ್ಯಾಸ್ ಪೈಪ್ ಮನೆಗೆ ಬಂದಿದ್ದರೂ ಹಣ ಉಳಿಸುವ ಲೆಕ್ಕದಲ್ಲಿ ಇದಕ್ಕೆ ಕೈ ಹಾಕಬೇಡಿ.

ಹೆಜ್ಜೆ 1: ಇಂಧನದ ಲೆಕ್ಕ

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಕು: ಹತ್ತು ಲಕ್ಷ ಬಿಟಿಯು ಶಾಖಕ್ಕೆ ಎಷ್ಟು ಡಾಲರ್? ಬಿಟಿಯು ಅಂದರೆ ಶಾಖ ಅಳೆಯುವ ಒಂದು ಮಾನ.

ಪೆಲೆಟ್ 40 ಪೌಂಡಿನ ಚೀಲದಲ್ಲಿ ಬರುತ್ತದೆ. 50 ಚೀಲಕ್ಕೆ ಒಂದು ಟನ್, ಅಂದರೆ 2,000 ಪೌಂಡ್. ಪೌಂಡಿಗೆ ಸುಮಾರು 8,200 ಬಿಟಿಯು ಅಂತ ಹಿಡಿದರೆ ಟನ್ನಿಗೆ 1 ಕೋಟಿ 64 ಲಕ್ಷ. ಜೋಳ ಬುಷೆಲ್ ಲೆಕ್ಕದಲ್ಲಿ. ಒಂದು ಬುಷೆಲ್ 56 ಪೌಂಡ್, ಪೌಂಡಿಗೆ ಸುಮಾರು 7,000 ಬಿಟಿಯು, ಒಟ್ಟು 3 ಲಕ್ಷ 92 ಸಾವಿರ. ಪ್ರೊಪೇನ್ ಗ್ಯಾಲನ್ನಿಗೆ 91,500. ನ್ಯಾಚುರಲ್ ಗ್ಯಾಸ್ ಒಂದು ಥರ್ಮ್‌ಗೆ 1 ಲಕ್ಷ.

ಉದಾಹರಣೆಗೆ ಪೆಲೆಟ್ ಟನ್ನಿಗೆ 350 ಡಾಲರ್ ಅಂದುಕೊಳ್ಳಿ. ಹತ್ತು ಲಕ್ಷ ಬಿಟಿಯುಗೆ 21 ಡಾಲರ್ ಚಿಲ್ಲರೆ ಆಯಿತು. ರೈತರಿಂದ ನೇರವಾಗಿ ಬುಷೆಲ್‌ಗೆ 4.25 ಡಾಲರಿನಂತೆ ಜೋಳ ಸಿಕ್ಕಿದರೆ ಸುಮಾರು 11 ಡಾಲರ್. ಅದೇ ಜೋಳವನ್ನು ಅಂಗಡಿಯಲ್ಲಿ ಜಿಂಕೆ ಮೇವಿನ 50 ಪೌಂಡ್ ಚೀಲವಾಗಿ 10 ಡಾಲರ್ ಕೊಟ್ಟು ತಂದರೆ 28 ದಾಟುತ್ತದೆ. ಅಂದರೆ ಚೀಲದ ಜೋಳ ಪೆಲೆಟ್‌ಗಿಂತ ದುಬಾರಿ! ಪ್ರೊಪೇನ್ ಗ್ಯಾಲನ್ನಿಗೆ 2.25 ಡಾಲರ್ ಇದ್ದರೆ 24.60. ಗ್ಯಾಸ್ ಥರ್ಮ್‌ಗೆ 1.20 ಇದ್ದರೆ 12.

ಇದು ಒಲೆಯೊಳಗೆ ಹೋಗುವ ಶಾಖ. ಕೋಣೆಗೆ ಬರುವುದು ಇನ್ನೂ ಕಡಿಮೆ. ಒಳ್ಳೆಯ ಪೆಲೆಟ್ ಒಲೆ ಶೇಕಡಾ 80ರ ಆಸುಪಾಸು ಕೊಡುತ್ತದೆ, ಹೊಸ ಪ್ರೊಪೇನ್ ಫರ್ನೇಸ್ 95 ಕೊಡುತ್ತದೆ. ಭಾಗಿಸಿ ನೋಡಿದರೆ ಮೇಲಿನ ಬೆಲೆಯಲ್ಲಿ ಪೆಲೆಟ್‌ಗೆ 26.70, ಪ್ರೊಪೇನ್‌ಗೆ 25.90. ಹೆಚ್ಚುಕಡಿಮೆ ಸಮ. ಹಾಗಿದ್ದರೂ ಬಿಲ್ ಇಳಿಯುತ್ತದೆ, ಯಾಕೆಂದರೆ ಫರ್ನೇಸ್ ಇಡೀ ಮನೆ ಕಾಯಿಸುತ್ತದೆ, ಒಲೆ ನೀವು ಕೂರುವ ಕೋಣೆಯನ್ನು ಮಾತ್ರ. ಉಳಿತಾಯ ಅಲ್ಲಿರುವುದು, ಪೆಲೆಟ್‌ನಲ್ಲಲ್ಲ. ನಿಮ್ಮೂರಿನ ಬೆಲೆ ಹಾಕಿ ಈ ಲೆಕ್ಕ ಮಾಡದೆ ಮುಂದಿನ ಹೆಜ್ಜೆ ಇಡಬೇಡಿ.

ಎಷ್ಟು ಬೇಕು? ಈಗ ವರ್ಷಕ್ಕೆ ಎಷ್ಟು ಕಾರ್ಡ್ ಸೌದೆ ಸುಡುತ್ತೀರಿ ಅನ್ನುವುದು ನಿಮಗೆ ಗೊತ್ತಿದ್ದೇ ಇರುತ್ತದೆ. ಒಂದು ಕಾರ್ಡ್ ಅಂದರೆ ನಾಲ್ಕಡಿ, ನಾಲ್ಕಡಿ, ಎಂಟಡಿಯ ರಾಶಿ. ಒಣಗಿದ ಓಕ್ ಅಥವಾ ಮೇಪಲ್ ಆದರೆ ಒಂದು ಕಾರ್ಡಿಗೆ ಒಂದರಿಂದ ಒಂದೂಕಾಲು ಟನ್ ಪೆಲೆಟ್ ಅಂತ ಹಿಡಿಯಬಹುದು. ಒಲೆ ಹಳೆಯದಾಗಿದ್ದರೆ ಒಂದರ ಹತ್ತಿರ, ಹೊಸದಾಗಿದ್ದರೆ ಒಂದೂಕಾಲರ ಹತ್ತಿರ.

ಈಗ ಜಾಗ. ಮೂರು ಟನ್ ಅಂದರೆ 150 ಚೀಲ. ಪೆಲೆಟ್‌ಗೆ ನೀರು ತಾಗಿದರೆ ಉಬ್ಬಿ ಮರದ ಹೊಟ್ಟಾಗುತ್ತದೆ, ಮತ್ತೆ ಒಣಗಿಸಿದರೂ ಬರುವುದಿಲ್ಲ. ಗ್ಯಾರೇಜಿನಲ್ಲಿ ಕಾಂಕ್ರೀಟಿನ ಮೇಲೆ ನೇರವಾಗಿ ಇಡದೆ ಮರದ ಹಲಗೆಗಳ ಅಟ್ಟಣೆಯ ಮೇಲೆ ಇಡಿ. ದೊಡ್ಡ ಡಬ್ಬಿಯಲ್ಲಿ ಸಡಿಲವಾಗಿ ತುಂಬಿ ನೆಲಮಾಳಿಗೆಯಲ್ಲಿ ಮುಚ್ಚಿಡುವ ಯೋಚನೆ ಇದ್ದರೆ ಗಾಳಿಯಾಡುವ ಹಾಗೆ ನೋಡಿಕೊಳ್ಳಿ. ರಾಶಿ ಪೆಲೆಟ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಯುರೋಪಿನಲ್ಲಿ ಇಂಥ ಮುಚ್ಚಿದ ಗೋದಾಮುಗಳಲ್ಲಿ ಜನ ಸತ್ತಿದ್ದಾರೆ.

ಚೀಲದ ಮೇಲೆ ಪೆಲೆಟ್ ಫ್ಯುಯೆಲ್ಸ್ ಇನ್‌ಸ್ಟಿಟ್ಯೂಟಿನ 'ಪ್ರೀಮಿಯಂ' ಮುದ್ರೆ ಇದೆಯೇ ನೋಡಿ. ಬೂದಿ ಶೇಕಡಾ 1 ಮೀರಬಾರದು ಅನ್ನುವುದು ಅದರ ನಿಯಮ. 'ಸ್ಟ್ಯಾಂಡರ್ಡ್' ಆದರೆ 2ರವರೆಗೆ. ಕಾಗದದಲ್ಲಿ ಒಂದೇ ಶೇಕಡಾ, ಒಲೆಯಲ್ಲಿ ಎರಡು ಪಟ್ಟು ಬೂದಿ. ಟನ್‌ಗಟ್ಟಲೆ ತರುವ ಮೊದಲು ಎರಡು ಮೂರು ಕಂಪನಿಯ ಒಂದೊಂದು ಚೀಲ ತಂದು ಸುಟ್ಟು ನೋಡಿ. ಚೀಲದ ತಳದಲ್ಲಿ ಎಷ್ಟು ಪುಡಿ ಉಳಿಯುತ್ತದೆ, ಗಾಜು ಎಷ್ಟು ಬೇಗ ಮಂಕಾಗುತ್ತದೆ ಅನ್ನುವುದೇ ಪರೀಕ್ಷೆ. ಬಣ್ಣ ನೋಡಿ ಏನೂ ಹೇಳಲಾಗದು.

ಹೆಜ್ಜೆ 2: ಜೋಳವೇ ಬೇಕು ಅನ್ನುವವರಿಗೆ

ಜೋಳದ ಒಲೆಗೆ ಒಂದು ಸಣ್ಣ ಚರಿತ್ರೆ ಇದೆ. 2005ರ ಹೊತ್ತಿಗೆ ಇಲ್ಲಿ ಜೋಳ ಬುಷೆಲ್‌ಗೆ ಎರಡು ಡಾಲರ್ ಆಸುಪಾಸಿತ್ತು, ಕತ್ರೀನಾ ಚಂಡಮಾರುತದ ನಂತರ ಗ್ಯಾಸು, ಎಣ್ಣೆ ತುಟ್ಟಿಯಾಗಿದ್ದವು. ಜನ ಮುಗಿಬಿದ್ದು ಜೋಳದ ಒಲೆ ಕೊಂಡರು. ಆಮೇಲೆ ಎಥನಾಲ್ ಕಾರ್ಖಾನೆಗಳು ಜೋಳ ನುಂಗತೊಡಗಿದವು. 2012ರ ಬರದಲ್ಲಿ ಬುಷೆಲ್ 8 ಡಾಲರ್ ದಾಟಿತು. ಒಲೆ ಮಾಡುತ್ತಿದ್ದ ಹಲವು ಸಣ್ಣ ಕಂಪನಿಗಳು ಬಾಗಿಲು ಹಾಕಿದವು. ಹಾಗಾಗಿ ಜೋಳ ಮಾತ್ರ ಉರಿಸುವ ಒಲೆ ಕೊಳ್ಳಬೇಡಿ. ಜೋಳ, ಪೆಲೆಟ್ ಎರಡೂ ನಡೆಯುವ ಮಲ್ಟಿ ಫ್ಯುಯೆಲ್ ಒಲೆ ಕೊಳ್ಳಿ. ಹಳೆಯದು ಸಸ್ತಾದಲ್ಲಿ ಸಿಕ್ಕಿದರೆ ಮೊದಲು ಬಿಡಿಭಾಗ ಸಿಗುತ್ತದೆಯೇ ವಿಚಾರಿಸಿ.

ಕಾಳು ತುಳಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವರು ನಾವು. ಕಾಳು ಸುಡುವುದು ಮನಸ್ಸಿಗೆ ಒಗ್ಗುವುದಿಲ್ಲ ಅನ್ನುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಈ ದೇಶದ ಜೋಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಥನಾಲ್ ಕಾರ್ಖಾನೆಗೇ ಹೋಗುತ್ತದೆ ಅನ್ನುವುದು ಇನ್ನೊಂದು ಕಡೆಯ ಮಾತು. ನಿಮ್ಮ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಜೋಳ ಒಣಗಿರಬೇಕು. ತೇವಾಂಶ ಶೇಕಡಾ 15 ಮೀರಿದರೆ ಸರಿಯಾಗಿ ಉರಿಯದು, 12-13 ಇದ್ದರೆ ಒಳ್ಳೆಯದು. ರೈತರ ಹತ್ತಿರ ತೇವಾಂಶ ಅಳೆಯುವ ಮೀಟರ್ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ದಿಂಡಿನ ಚೂರು, ತೆಳು ಸಿಪ್ಪೆ, ಧೂಳು ಇರಬಾರದು. ಜರಡಿ ಹಿಡಿದ ಜೋಳ ಕೊಡಿ ಅಂತ ಕೇಳಿ, ಇಲ್ಲದಿದ್ದರೆ ನೀವೇ ಜರಡಿ ಹಿಡಿಯಿರಿ. ಆಗರ್ ಸಿಕ್ಕಿಹಾಕಿಕೊಳ್ಳುವುದು ಈ ಕಸದಿಂದಲೇ. ಬಿತ್ತನೆಗೆಂದು ಔಷಧಿ ಸವರಿದ ಗುಲಾಬಿ ಬಣ್ಣದ ಬೀಜವನ್ನು ಯಾವ ಕಾರಣಕ್ಕೂ ಸುಡಬೇಡಿ, ಆ ಹೊಗೆ ವಿಷ. ಇನ್ನು ಇಲಿ, ಅಳಿಲು: ತಗಡಿನ ಡ್ರಮ್ಮು, ಬಿಗಿ ಮುಚ್ಚಳ, ಬೇರೆ ಉಪಾಯವಿಲ್ಲ.

ಜೋಳ ಬೇಗ ಹೊತ್ತಿಕೊಳ್ಳುವುದಿಲ್ಲ. ಒಂದು ಹಿಡಿ ಪೆಲೆಟ್ ಹಾಕಿ ಬೆಂಕಿ ಹಿಡಿದ ಮೇಲೆ ಜೋಳ ಬಿಡುತ್ತಾರೆ. ಅದು ಉರಿದಾಗ ಬೂದಿ ಪುಡಿಯಾಗಿ ಉದುರುವುದಿಲ್ಲ, ಕರಗಿ ಗಟ್ಟಿಯಾಗುತ್ತದೆ. ಇದಕ್ಕೆ ಕ್ಲಿಂಕರ್ ಅನ್ನುತ್ತಾರೆ. ಬೆಳಗ್ಗೆ ಬಾಗಿಲು ತೆಗೆದು ನೋಡಿದರೆ ಪಾಟ್‌ನ ತಳದಲ್ಲಿ ಕಂದು ಬಣ್ಣದ, ತೂತು ತೂತಿನ ಒಂದು ಬಿಲ್ಲೆ ಕೂತಿರುತ್ತದೆ, ಆಲೆಮನೆಯ ಕೊಪ್ಪರಿಗೆಯ ಅಂಚಿಗೆ ಅಂಟಿ ಸೀದ ಬೆಲ್ಲದ ಹಾಗೆ. ಬಿಸಿ ಇರುವಾಗ ಇಕ್ಕಳದಿಂದ ಎತ್ತಿದರೆ ಮೆತ್ತಗೆ ಬಂದುಬಿಡುತ್ತದೆ. ತಣ್ಣಗಾಗಲು ಬಿಟ್ಟರೆ ಪಾಟ್‌ಗೆ ಕಚ್ಚಿಕೊಂಡು ಉಳಿ ಬೇಕಾಗುತ್ತದೆ. ದಿನಕ್ಕೆ ಒಂದು ಸಲವಾದರೂ ತೆಗೆಯಲೇಬೇಕು. ಕೆಲವರು ಕೋಳಿಗೆ ಹಾಕುವ ಸಿಂಪಿ ಚಿಪ್ಪಿನ ಪುಡಿಯನ್ನು ಜೋಳಕ್ಕೆ ಸ್ವಲ್ಪ ಬೆರೆಸುತ್ತಾರೆ. ಅದರಲ್ಲಿರುವ ಸುಣ್ಣದಂಶದಿಂದ ಕ್ಲಿಂಕರ್ ಗಟ್ಟಿಯಾಗದೆ ಪುಡಿಯಾಗುತ್ತದೆ. ಅರ್ಧ ಪೆಲೆಟ್, ಅರ್ಧ ಜೋಳ ಬೆರೆಸುವುದು ಇನ್ನೂ ಸುಲಭದ ದಾರಿ, ಒಲೆಯ ಕೈಪಿಡಿ ಒಪ್ಪಿದರೆ.

ಜೋಳದ ಹೊಗೆಯಲ್ಲಿ ಆಮ್ಲದ ಅಂಶ ಜಾಸ್ತಿ, ಸಾಮಾನ್ಯ ಪೆಲೆಟ್ ಕೊಳವೆಯನ್ನು ತಿಂದುಹಾಕುತ್ತದೆ. ಜೋಳಕ್ಕೂ ಆಗುತ್ತದೆ ಅಂತ ಬರೆದಿರುವ ಸ್ಟೇನ್‌ಲೆಸ್ ಕೊಳವೆಯನ್ನೇ ಹಾಕಿಸಿ. ಪೆಲೆಟ್‌ಗೆ ಮಾತ್ರ ಮಾಡಿದ ಒಲೆಗೆ ಜೋಳ ಸುರಿದು ನೋಡೋಣ ಅನ್ನುವ ಪ್ರಯೋಗ ಬೇಡ.

ಹೆಜ್ಜೆ 3: ಕರೆಂಟ್ ಹೋದರೆ?

ಹಿಮದ ಬಿರುಗಾಳಿಗೆ ಕರೆಂಟ್ ಹೋಗುವುದು, ಅದೇ ಹೊತ್ತಿಗೆ ಶಾಖ ಬೇಕಾಗುವುದು. ಒಲೆ ಓಡುವಾಗ 100 ವ್ಯಾಟ್ ಆಸುಪಾಸು, ಹೊತ್ತಿಸುವ ಕೆಲವು ನಿಮಿಷ 300ರಿಂದ 400 ವ್ಯಾಟ್ ಎಳೆಯುತ್ತದೆ. 12 ವೋಲ್ಟಿನ 100 ಆಂಪ್-ಅವರ್ ಲಿಥಿಯಂ ಬ್ಯಾಟರಿ ಹತ್ತು ಗಂಟೆ ನಡೆಸೀತು, ಲೆಡ್ ಆಸಿಡ್ ಆದರೆ ಅದರ ಅರ್ಧ. ಇನ್ವರ್ಟರ್ 'ಪ್ಯೂರ್ ಸೈನ್', ಅಂದರೆ ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು ಆಗಿರಲಿ. ಅಗ್ಗದವು ಕಂಟ್ರೋಲ್ ಬೋರ್ಡನ್ನು ತಬ್ಬಿಬ್ಬು ಮಾಡುತ್ತವೆ.

ನನ್ನ ಸಲಹೆ ಕೇಳಿದರೆ, ಮನೆಯಲ್ಲಿ ಎರಡನೆಯ ಚಿಮಣಿ ಇದ್ದರೆ ಸೌದೆ ಒಲೆಯನ್ನು ಅಲ್ಲೇ ಬಿಡಿ, ಅರ್ಧ ಕಾರ್ಡ್ ಸೌದೆ ಇಟ್ಟುಕೊಳ್ಳಿ. ಎರಡು ಒಲೆಗೆ ಒಂದೇ ಚಿಮಣಿ ಮಾತ್ರ ಖಂಡಿತ ಕೂಡದು.

ಹೆಜ್ಜೆ 4: ಒಲೆಯ ಆಯ್ಕೆ

ಇಷ್ಟಾದ ಮೇಲೆ ಅಂಗಡಿಗೆ ಹೋಗಿ. ಗಂಟೆಗೆ ಒಂದು ಪೌಂಡ್ ಪೆಲೆಟ್ ಉರಿದರೆ ಎಂಟು ಸಾವಿರ ಬಿಟಿಯು ಚಿಲ್ಲರೆ. ಹೆಚ್ಚಿನ ಒಲೆಗಳು ಒಂದರಿಂದ ಐದು ಪೌಂಡ್ ನಡುವೆ ಓಡುತ್ತವೆ. ತೀರಾ ದೊಡ್ಡದು ಕೊಂಡರೆ ಸದಾ ಸಣ್ಣ ಉರಿಯಲ್ಲಿ ಓಡಿಸಬೇಕಾಗುತ್ತದೆ, ಮಸಿ ಕಟ್ಟುತ್ತದೆ. ಹಾಪರ್ 80 ಪೌಂಡ್ ಹಿಡಿದರೆ ಎರಡು ಚೀಲ ಪೂರ್ತಿ ಸುರಿಯಬಹುದು, ಅರ್ಧ ಚೀಲ ಉಳಿಸಿಕೊಳ್ಳುವ ರಗಳೆ ಇಲ್ಲ.

ಮೇಲಿನಿಂದ ಪೆಲೆಟ್ ಬೀಳಿಸುವ ಒಲೆ, ಕೆಳಗಿನಿಂದ ತಳ್ಳುವ ಒಲೆ ಅಂತ ಎರಡು ಬಗೆ. ಕೆಳಗಿನಿಂದ ತಳ್ಳುವುದು ಬೂದಿಯನ್ನು ತಾನೇ ಅಂಚಿನಿಂದಾಚೆ ನೂಕುತ್ತದೆ. ಬೂದಿ ಜಾಸ್ತಿ ಇರುವ ಪೆಲೆಟ್‌ಗೂ ಒಗ್ಗುತ್ತದೆ, ಬೆಲೆ ಮಾತ್ರ ಜಾಸ್ತಿ. ಒಲೆಯ ಹಿಂಬದಿ ಇಪಿಎ (ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ) ಚೀಟಿ ಇರಲಿ. 2020ರ ಮೇ 15ರಿಂದ ಜಾರಿಯಾದ ನಿಯಮದ ಪ್ರಕಾರ ಗಂಟೆಗೆ 2 ಗ್ರಾಂ ಹೊಗೆಕಣದ ಮಿತಿ ಇದೆ.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಜನವರಿಯಲ್ಲಿ ಇಗ್ನೈಟರ್ ಸುಟ್ಟುಹೋದರೆ ಯಾರು ಬರುತ್ತಾರೆ? ಅರ್ಧ ಗಂಟೆ ದೂರದಲ್ಲಿ ರಿಪೇರಿ ಮಾಡುವ ಡೀಲರ್ ಇರುವ ಸಾಧಾರಣ ಒಲೆ, ಯಾರೂ ಮುಟ್ಟದ ಭರ್ಜರಿ ಒಲೆಗಿಂತ ಮೇಲು. ಕೇಂದ್ರ ಸರ್ಕಾರದ ಶೇಕಡಾ 30ರ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ಡೀಲರ್ ಇನ್ನೂ ಅದರ ಆಸೆ ತೋರಿಸಿದರೆ ನಂಬಬೇಡಿ. ಹಳೆಯ ಸೌದೆ ಒಲೆ ಒಪ್ಪಿಸಿದರೆ ಹಣ ಕೊಡುವ ಯೋಜನೆಗಳು ಕೆಲವು ರಾಜ್ಯ, ಕೌಂಟಿಗಳಲ್ಲಿ ಇರುತ್ತವೆ. ಮೊಂಟಾನಾದ ಲಿಬ್ಬಿ ಊರಲ್ಲಿ 2005ರಿಂದ ಎರಡು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ಒಲೆ ಬದಲಾದದ್ದು ಹೀಗೆಯೇ. ಕೊಳ್ಳುವ ಮೊದಲೇ ಅರ್ಜಿ ಹಾಕಬೇಕಾಗುತ್ತದೆ, ಅದಕ್ಕೇ ಈಗಲೇ ವಿಚಾರಿಸಿ.

ಹೆಜ್ಜೆ 5: ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು

ಮೊದಲು ಟೌನ್ ಆಫೀಸಿನಲ್ಲಿ ಪರ್ಮಿಟ್, ಆಮೇಲೆ ಮನೆ ವಿಮೆಯವರಿಗೆ ಒಂದು ಫೋನು. ಇವೆರಡೂ ಬೇಸರದ ಕೆಲಸ, ಆದರೆ ಏನಾದರೂ ಅನಾಹುತವಾದಾಗ ವಿಮೆಯವರು ಮೊದಲು ಕೇಳುವುದೇ ಈ ಕಾಗದ.

ಸೌದೆ ಒಲೆಯ ತೂಕ 300ರಿಂದ 500 ಪೌಂಡ್. ಒಬ್ಬರೇ ಎಳೆಯಲು ಹೋಗಬೇಡಿ. ಬಾಗಿಲು, ಒಳಗಿನ ಇಟ್ಟಿಗೆ ತೆಗೆದರೆ ಸ್ವಲ್ಪ ಹಗುರಾಗುತ್ತದೆ. ಚಿಮಣಿಯನ್ನು ಪೂರ್ತಿ ಉಜ್ಜಿಸಿ, ಹಳೆಯ ಕ್ರಿಯೋಸೋಟ್ ಅಲ್ಲಿ ಉಳಿಯಬಾರದು.

ಕೊಳವೆಯ ವಿಷಯದಲ್ಲಿ ಜನ ಎಡವುತ್ತಾರೆ. ಸೌದೆ ಒಲೆಯಲ್ಲಿ ಹೊಗೆ ತಾನಾಗಿ ಮೇಲೇರುತ್ತದೆ, ಕೊಳವೆ ಅದನ್ನು ಎಳೆಯುತ್ತದೆ. ಪೆಲೆಟ್ ಒಲೆಯಲ್ಲಿ ಫ್ಯಾನ್ ಹೊಗೆಯನ್ನು ತಳ್ಳುತ್ತದೆ. ತಳ್ಳುವಾಗ ಕೀಲಿನಲ್ಲಿ ಸಣ್ಣ ಸಂದು ಇದ್ದರೂ ಹೊಗೆ ಕೋಣೆಗೇ ಬರುತ್ತದೆ. ಹಾಗಾಗಿ ಹಳೆಯ ಒಂಟಿ ಪದರದ ಕೊಳವೆ ನಡೆಯುವುದಿಲ್ಲ. ಯುಎಲ್ 641 ಅನ್ನುವ ಸುರಕ್ಷತಾ ಮಾನದಂಡದ ಗುರುತಿನ ಎರಡು ಪದರದ ಪೆಲೆಟ್ ಕೊಳವೆ ಬೇಕು. ಕೀಲುಗಳಿಗೆ ಕೈಪಿಡಿ ಹೇಳಿದಂತೆ ಗ್ಯಾಸ್ಕೆಟ್ ಅಥವಾ ಹೆಚ್ಚು ಶಾಖ ತಡೆಯುವ ಸಿಲಿಕೋನ್ ಹಾಕಬೇಕು. ಇಟ್ಟಿಗೆ ಚಿಮಣಿಯೊಳಗೆ ಹೋಗುವುದಾದರೆ 4 ಇಂಚಿನ ಸ್ಟೇನ್‌ಲೆಸ್ ಲೈನರ್ (ಒಳಕೊಳವೆ) ಇಳಿಸಿ.

ಗೋಡೆಯಲ್ಲಿ ಹೊರಹೋಗುವುದಾದರೆ 3 ಇಂಚು ಸಾಕೇ, 4 ಬೇಕೇ? ಅದಕ್ಕೊಂದು ಲೆಕ್ಕವಿದೆ. ಪ್ರತಿ 90 ಡಿಗ್ರಿ ತಿರುವು ಅಥವಾ ಟೀಗೆ (T ಆಕಾರದ ಕೊಳವೆ ಕೀಲು) 5 ಅಂಕ, ಪ್ರತಿ 45ಕ್ಕೆ 3, ಅಡ್ಡ ಹೋಗುವ ಪ್ರತಿ ಅಡಿಗೆ 1, ಮೇಲೇರುವ ಪ್ರತಿ ಅಡಿಗೆ ಅರ್ಧ. ಒಟ್ಟು 15 ದಾಟಿದರೆ 4 ಇಂಚು. ಒಂದು ಟೀ, ನಾಲ್ಕಡಿ ಮೇಲಕ್ಕೆ, ಒಂದು ತಿರುವು, ಎರಡಡಿ ಅಡ್ಡ ಅಂದರೆ 5, 2, 5, 2 ಸೇರಿ 14. ಮೂರಿಂಚು ಸಾಕು. ಈ ನಾಲ್ಕಡಿ ಏರಿಕೆ ಬಿಡಬೇಡಿ. ಕರೆಂಟ್ ಹೋಗಿ ಫ್ಯಾನ್ ನಿಂತಾಗ ಉಳಿದ ಹೊಗೆ ತಾನಾಗಿ ಹೊರಗೆ ಏರುವುದು ಅದರಿಂದಲೇ. ಟೀಯ ತಳದಲ್ಲಿ ತೆಗೆದು ಬೂದಿ ಸುರಿಯುವ ಮುಚ್ಚಳ ಇರಲಿ.

ಕೊಳವೆಯ ಬಾಯಿ ತೆರೆಯುವ ಕಿಟಕಿಯ ಪಕ್ಕದಲ್ಲೋ ಕೆಳಗೋ ಇದ್ದರೆ ಸಾಮಾನ್ಯವಾಗಿ 4 ಅಡಿ ದೂರ, ಮೇಲಿದ್ದರೆ 1 ಅಡಿ. ನಿಮ್ಮ ಒಲೆಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ನೆಲದಿಂದ ಎತ್ತರ ಅಳೆಯುವಾಗ ಹಿಮದ ರಾಶಿಯ ಮೇಲಿನಿಂದ ಅಳೆಯಿರಿ. ಹೊರಗಿನ ಗಾಳಿ ಎಳೆಯುವ ಕೊಳವೆಯನ್ನೂ ಈಗಲೇ ಹಾಕಿಸಿ, ಪ್ಲಾಸ್ಟಿಕ್ ಅಲ್ಲ, ಲೋಹದ್ದು. ಬಿಗಿಯಾದ ಹೊಸ ಮನೆಯಲ್ಲಿ ಇದಿಲ್ಲದಿದ್ದರೆ ಅಡುಗೆಮನೆಯ ಫ್ಯಾನ್ ಹಾಕಿದಾಗ ಉರಿ ಸೊರಗುತ್ತದೆ. ಮೊಬೈಲ್ ಹೋಮ್ (ಕಾರ್ಖಾನೆಯಲ್ಲಿ ಕಟ್ಟಿ ತಂದಿಡುವ ಮನೆ) ಆದರೆ ಈ ಗಾಳಿ ಕೊಳವೆ ಕಡ್ಡಾಯ. ಒಗ್ಗರಣೆ ಹಾಕುವ ನಮ್ಮ ಮನೆಗಳಲ್ಲಿ ಆ ಫ್ಯಾನ್ ದಿನಾ ಓಡುತ್ತದೆ, ಅಲ್ವಾ?

ಒಲೆ ಇರುವ ಅಂತಸ್ತಿಗೂ ಮಲಗುವ ಅಂತಸ್ತಿಗೂ ಒಂದೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿ.

ಹೆಜ್ಜೆ 6: ಮೊದಲ ಉರಿ

ಕಿಟಕಿ ತೆಗೆದಿಡಿ. ಹೊಸ ಬಣ್ಣ ಕಾದು ಒಂದೆರಡು ಗಂಟೆ ಕೆಟ್ಟ ವಾಸನೆ ಬರುತ್ತದೆ. ಉರಿಯನ್ನು ಗಮನಿಸಿ. ಪ್ರಕಾಶಮಾನವಾದ ಹಳದಿ, ಚುರುಕು, ಚಿಕ್ಕದು, ಪಾಟ್‌ನಲ್ಲಿ ಪೆಲೆಟ್ ಸ್ವಲ್ಪ ಕುಣಿಯುತ್ತಿದ್ದರೆ ಗಾಳಿ ಸರಿ ಇದೆ. ಕಿತ್ತಳೆ ಬಣ್ಣಕ್ಕೆ ತಿರುಗಿ, ಉದ್ದವಾಗಿ, ತುದಿಯಲ್ಲಿ ಕಪ್ಪು ಹೊಗೆ ಬಿಡುತ್ತಾ ತೂಗಾಡಿದರೆ ಗಾಳಿ ಸಾಲದು. ಗಾಳಿ ಬಿಡುವ ಡ್ಯಾಂಪರ್ ತೆರೆಯಿರಿ, ಇಲ್ಲವೇ ಪೆಲೆಟ್ ಬೀಳುವ ವೇಗ ಇಳಿಸಿ.

ಹೆಜ್ಜೆ 7: ಚೊಕ್ಕ ಮಾಡುವ ಅಭ್ಯಾಸ

ಪೆಲೆಟ್ ಒಲೆ ಕೆಟ್ಟಿತು ಅಂತ ಬರುವ ದೂರುಗಳಲ್ಲಿ ಬಹುಪಾಲು ಬೂದಿಯದ್ದೇ. ದಿನಕ್ಕೊಮ್ಮೆ ಬರ್ನ್ ಪಾಟ್ ಕೆರೆದು ಅದರ ತೂತುಗಳು ತೆರೆದಿವೆಯೇ ನೋಡಿ. ಎರಡು ನಿಮಿಷದ ಕೆಲಸ. ವಾರಕ್ಕೊಮ್ಮೆ ಒಲೆ ಪೂರ್ತಿ ತಣ್ಣಗಾದ ಮೇಲೆ ಬೂದಿ ತಟ್ಟೆ ಖಾಲಿ ಮಾಡಿ, ಗಾಜು ಒರೆಸಿ, ಒಳಗೆಲ್ಲ ಬೂದಿ ವ್ಯಾಕ್ಯೂಮ್ ಹಿಡಿಯಿರಿ. ಮನೆಯ ಮಾಮೂಲಿ ವ್ಯಾಕ್ಯೂಮ್ ಬೇಡವೇ ಬೇಡ. ಒಂದು ಕಿಡಿ ಉಳಿದಿದ್ದರೆ ಅದರ ಚೀಲವೇ ಹೊತ್ತಿಕೊಳ್ಳುತ್ತದೆ. ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್‌ಗೆ ಹಾಕಿ ಮನೆಯಿಂದ ದೂರ ಕಾಂಕ್ರೀಟಿನ ಮೇಲಿಡಿ. ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ಒಂದು ಟನ್ ಸುಟ್ಟ ಮೇಲೆ ಶಾಖದ ಕೊಳವೆಗಳ ಹಿಂದೆ, ಹೊಗೆ ಫ್ಯಾನಿನ ರೆಕ್ಕೆಗಳ ಮೇಲೆ ಕೂತ ಬೂದಿಯನ್ನು ಬ್ರಷ್ಷಿನಿಂದ ತೆಗೆಯಿರಿ. ಹೊಗೆ ಕೊಳವೆಯನ್ನೂ ನೋಡಿ.

ಒಲೆ ಇದ್ದಕ್ಕಿದ್ದಂತೆ ನಿಂತರೆ ಡೀಲರ್‌ಗೆ ಫೋನ್ ಮಾಡುವ ಮೊದಲು ಇಷ್ಟು ನೋಡಿ. ಹಾಪರ್ ಮುಚ್ಚಳ, ಬಾಗಿಲು ಬಿಗಿಯಾಗಿವೆಯೇ? ಸಡಿಲವಾಗಿದ್ದರೆ ವ್ಯಾಕ್ಯೂಮ್ ಸ್ವಿಚ್ ಆಗರ್ ನಿಲ್ಲಿಸುತ್ತದೆ. ಬಾಗಿಲಿನ ಹಗ್ಗದ ಗ್ಯಾಸ್ಕೆಟ್ ಸವೆದಿದೆಯೇ? ಒಂದು ನೋಟು ಬಾಗಿಲ ಸಂದಿಗೆ ಇಟ್ಟು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಬದಲಿಸಬೇಕು. ಹಾಪರ್‌ನಲ್ಲಿ ಪೆಲೆಟ್ ಇದ್ದೂ ಕೆಳಗೆ ಬೀಳುತ್ತಿಲ್ಲವೇ? ಉದ್ದನೆಯ ಪೆಲೆಟ್‌ಗಳು ಒಂದಕ್ಕೊಂದು ಆತು ಸೇತುವೆ ಕಟ್ಟಿಕೊಂಡಿರುತ್ತವೆ. ಒಲೆ ಆರಿಸಿ, ಪ್ಲಗ್ ಕಿತ್ತು, ಕೋಲಿನಿಂದ ಕದಡಿ. ಆಗರ್ ಇರುವ ಕಡೆ ಬರಿಗೈ ಹಾಕಬೇಡಿ.

ಏಪ್ರಿಲ್‌ನಲ್ಲಿ ಒಲೆ ಆರಿಸುವಾಗ ಹಾಪರ್ ಮತ್ತು ಆಗರ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿ. ಉಳಿದ ಪೆಲೆಟ್ ಬೇಸಿಗೆಯ ತೇವಕ್ಕೆ ಉಬ್ಬಿ ಆಗರ್‌ನಲ್ಲಿ ಗಚ್ಚಿನಂತೆ ಕೂರುತ್ತದೆ. ಜೋಳ ಸುಡುವವರು ಹೊಗೆ ಹೋಗುವ ದಾರಿಯನ್ನು ಆ ವಾರವೇ ಚೊಕ್ಕ ಮಾಡಬೇಕು, ಆಮ್ಲದ ಬೂದಿ ಬೇಸಿಗೆಯೆಲ್ಲ ಕೂತರೆ ಲೋಹ ತಿನ್ನುತ್ತದೆ. ಕೊಳವೆಯ ಬಾಯಿಗೆ ಹಕ್ಕಿ ಗೂಡು ಕಟ್ಟದ ಹಾಗೆ ಜಾಲರಿ ಮುಚ್ಚಿ, ಅಕ್ಟೋಬರಿನಲ್ಲಿ ಅದನ್ನು ತೆಗೆಯುವುದು ನೆನಪಿರಲಿ ಅಂತ ಒಲೆಯ ಸ್ವಿಚ್ಚಿನ ಮೇಲೊಂದು ಚೀಟಿ ಅಂಟಿಸಿ. ಮುಂದಿನ ವರ್ಷದ ಪೆಲೆಟ್‌ಗೆ ಆಗಲೇ ಬೆಲೆ ಕೇಳಲು ಶುರು ಮಾಡಿ. ಮೊದಲ ಹಿಮ ಬಿದ್ದ ಮೇಲೆ ಯಾರೂ ರಿಯಾಯಿತಿ ಕೊಡುವುದಿಲ್ಲ.